ಗಿರಾಕಿ ಕೆಲಸವೂ ಮುಗಿಯಬೇಕು, ನಮ್ಮ ಆಸೆಯ ಕೆಲಸವೂ ಉಳಿಯಬೇಕು: ಮನೆಯಿಂದ ದುಡಿಯುವವರಿಗೊಂದು ದಿನಚರಿ

"ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?" ಹೊಲಿಗೆ, ಆರಿ ಕೆಲಸ (ಕೊಕ್ಕೆ ಸೂಜಿಯ ಎಂಬ್ರಾಯ್ಡರಿ), ಸೀರೆ ಕುಚ್ಚು, ಕೇಕು, ಚಿತ್ರ, ಡಿಸೈನ್ ಹೀಗೆ ಏನಾದರೊಂದನ್ನು ಮನೆಯಿಂದಲೇ ಮಾಡಿ ದುಡಿಯುವ ಓದುಗರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಗಿರಾಕಿಗಳ ಕೆಲಸದಲ್ಲೇ ದಿನ ಕಳೆದುಹೋಗುತ್ತದೆ. ನನ್ನದು ಅಂತ ಇದ್ದ ಸಂಗೀತ, ಕಸೂತಿ, ಓದು ಎಲ್ಲ ಕೈಬಿಟ್ಟುಹೋಗಿದೆ. ನೀವು ಹೇಗೆ ಹೊಂದಿಸುತ್ತೀರಿ?"

ನಸುಕಿನ ನಾಲ್ಕಕ್ಕೆ ಎದ್ದರೂ ಆ ಹೊತ್ತನ್ನು ನಿನ್ನೆಯ ಬಾಕಿ ಕೆಲಸವೇ ನುಂಗಿದರೆ ಏನೂ ಉಪಯೋಗವಿಲ್ಲ. ನಮ್ಮ ದಿನ ಹೇಗಿರಬೇಕು ಅನ್ನುವುದು ತೀರ್ಮಾನವಾಗುವುದು ಆರ್ಡರ್ ಒಪ್ಪಿಕೊಳ್ಳುವ ಗಳಿಗೆಯಲ್ಲಿ. "ಶುಕ್ರವಾರ ಕೊಡ್ತೀನಿ" ಅಂತ ಸೋಮವಾರ ಬಾಯಿಂದ ಬಿದ್ದ ಮಾತೇ ಗುರುವಾರದ ನಿದ್ದೆಯನ್ನು ಕಸಿಯುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಅಲಾರಂ ಗಡಿಯಾರಕ್ಕಿಂತ ಆರ್ಡರ್ ಪುಸ್ತಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಜಂಪರ್ (ರವಿಕೆ) ಹೊಲಿಯುತ್ತೇನೆ, ಆರಿ ಕೆಲಸ ಮಾಡುತ್ತೇನೆ. ಆಸೆಯಿಂದ ಮಾಡುವುದು ಕಸೂತಿ. ಹಾಗಾಗಿ ಉದಾಹರಣೆಗಳು ಇವುಗಳಿಂದಲೇ ಬರುತ್ತವೆ. ನಿಮ್ಮ ಕೆಲಸ ಬೇರೆಯಾಗಿದ್ದರೆ ಆ ಜಾಗದಲ್ಲಿ ಅದನ್ನು ಇಟ್ಟು ಓದಿಕೊಳ್ಳಿ.

ಮೊದಲು ಇವಿಷ್ಟು ಹೊಂದಿಸಿಕೊಳ್ಳಿ

ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್ ಒಂದು. ತಿಥಿ, ಹಬ್ಬ, ಮುಹೂರ್ತದ ದಿನಗಳಿರುವ ಗೋಡೆ ಕ್ಯಾಲೆಂಡರ್ ಒಂದು. ವ್ಯವಹಾರಕ್ಕೆಂದೇ ಬೇರೆ ಸಿಮ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್ (ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಉಚಿತ ಆ್ಯಪ್). ವ್ಯವಹಾರದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ. ಆಸೆಯ ಕೆಲಸದ ಸಾಮಾನಿಗೆ ಮುಚ್ಚಳವಿರುವ ಒಂದು ಡಬ್ಬಿ. ಇದಕ್ಕಿಂತ ದುಬಾರಿಯ ಯಾವ ಪ್ಲ್ಯಾನರ್ರೂ ಬೇಡ.

1. ಒಂದು ವಾರ ಏನನ್ನೂ ಬದಲಿಸದೆ ಸಮಯ ಬರೆದಿಡಿ

ಈಗ ದಿನ ಹೇಗೆ ನಡೆಯುತ್ತಿದೆಯೋ ಹಾಗೇ ನಡೆಯಲಿ. ಪ್ರತಿ ಎರಡು ಗಂಟೆಗೊಮ್ಮೆ ಒಂದು ಸಾಲು ಬರೆಯಿರಿ: ಏನು ಮಾಡಿದೆ, ಮಧ್ಯೆ ಯಾಕೆ ಎದ್ದೆ. ಅಡುಗೆ, ಮಕ್ಕಳನ್ನು ಶಾಲೆಗೆ ಬಿಡುವುದು, ನೀರು ಬಂದಾಗ ತುಂಬುವುದು, ಕರೆಂಟ್ ಹೋದ ಹೊತ್ತು, ಯಾವುದನ್ನೂ ಬಿಡಬೇಡಿ. ಎಚ್ಚರ ಇರಬೇಕಾದ್ದು ಒಂದೇ. ರಾತ್ರಿ ಕೂತು ನೆನಪಿನಿಂದ ತುಂಬಿಸಿದರೆ ಅಳತೆ ತೆಗೆದದ್ದು, ಬಣ್ಣ ತೋರಿಸಲು ಫೋಟೋ ಕಳಿಸಿದ್ದು, ಗುಂಡಿ ತರಲು ಅಂಗಡಿಗೆ ಹೋಗಿಬಂದದ್ದು ಎಲ್ಲ ಮರೆತುಹೋಗುತ್ತದೆ. ದಿನದ ಬಹುಪಾಲನ್ನು ತಿನ್ನುವುದು ಆ ಚಿಲ್ಲರೆ ಕೆಲಸಗಳೇ.

2. ಒಂದು ತುಂಡಿಗೆ ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ, ನೋಡಿ

ಲೈನಿಂಗ್ ಹಾಕಿದ ಜಂಪರ್ ಒಂದಕ್ಕೆ ಎಷ್ಟು ಹೊತ್ತು ಅಂತ ಕೇಳಿದರೆ ಹೆಚ್ಚಿನವರು ಮಷೀನಿನ ಮುಂದೆ ಕೂತ ಹೊತ್ತನ್ನಷ್ಟೇ ಹೇಳುತ್ತಾರೆ. ಲೈನಿಂಗ್ ಬಟ್ಟೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡುವುದು, ಅಳತೆ, ಕಟಿಂಗ್, ಹೆಮ್ಮಿಂಗ್, ಹುಕ್ಕು, ಟ್ರಯಲ್, ಟ್ರಯಲ್ ಆದಮೇಲೆ ತೋಳು ಬಿಚ್ಚಿ ಸರಿಮಾಡುವುದು, ದುಡ್ಡಿಗಾಗಿ ಎರಡು ಸಲ ಫೋನ್ ಮಾಡುವುದು, ಇವೆಲ್ಲ ಸೇರಿದ ಮೇಲೆ ಬರುವ ಗಂಟೆಯೇ ನಿಜವಾದದ್ದು.

ಹೆಚ್ಚು ಬರುವ ನಾಲ್ಕೈದು ಬಗೆಯ ಕೆಲಸಗಳನ್ನು ಆರಿಸಿಕೊಂಡು ಒಂದೊಂದಕ್ಕೆ ಹೀಗೆ ಗಂಟೆ ಬರೆದಿಡಿ. ದರವನ್ನೂ ಇದರ ಎದುರೇ ಇಟ್ಟು ನೋಡಿ. ಸಾಮಾನಿನ ಖರ್ಚು ಕಳೆದು ಉಳಿದದ್ದನ್ನು ಗಂಟೆಗಳಿಂದ ಭಾಗಿಸಿದರೆ ನಿಮ್ಮ ಒಂದು ಗಂಟೆಯ ದುಡಿಮೆ ಸಿಗುತ್ತದೆ. ಆ ಮೊತ್ತ ತೀರಾ ಕಡಿಮೆ ಬಂದರೆ ದಿನಚರಿ ಬದಲಿಸಿ ಪ್ರಯೋಜನವಿಲ್ಲ, ಮೊದಲು ದರ ಬದಲಿಸಬೇಕು. ಕಡಿಮೆ ದರದ ಕೆಲಸವನ್ನು ಹೆಚ್ಚು ಹೊತ್ತು ಮಾಡಿ ಸಂಸಾರ ತೂಗಿಸುವವರಿಗೆ ಆಸೆಯ ಕೆಲಸಕ್ಕೆ ಎಂದೂ ಹೊತ್ತು ಸಿಗುವುದಿಲ್ಲ.

3. ಆರ್ಡರ್ ಪುಸ್ತಕಕ್ಕೆ ಮಿತಿ ಹಾಕಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡುವುದಿದ್ದರೆ ಇದನ್ನು ಮಾಡಿ.

ಲೆಕ್ಕ ಹೀಗೆ. ಗಿರಾಕಿ ಕೆಲಸಕ್ಕೆ ದಿನಕ್ಕೆ 6 ಗಂಟೆ, ವಾರಕ್ಕೆ 6 ದಿನ ಅಂದರೆ 36 ಗಂಟೆ. ಅದರಲ್ಲಿ ಕಾಲು ಭಾಗ ತೆಗೆದಿಡಿ. ಕರೆಂಟ್, ಜ್ವರ, ನೆಂಟರು, ಸರಿಯಾಗದ ಟ್ರಯಲ್ ಇವೆಲ್ಲ ಆ ಕಾಲು ಭಾಗದಲ್ಲಿ ಹೋಗುತ್ತವೆ. ಉಳಿಯುವುದು 27 ಗಂಟೆ. ಒಂದು ಜಂಪರಿಗೆ 3 ಗಂಟೆ ಹಿಡಿದರೆ ವಾರಕ್ಕೆ 9 ಜಂಪರ್. ನಿಮ್ಮ ಮಿತಿ ಅಷ್ಟೇ.

ಪುಸ್ತಕದಲ್ಲಿ ಪ್ರತಿ ವಾರಕ್ಕೊಂದು ಪುಟ ಮಾಡಿ, 9 ಮನೆ (ಚೌಕ) ಗೆರೆ ಹಾಕಿ. 7 ಮನೆ ಎಲ್ಲರಿಗೂ, 2 ಮನೆ ಕೊನೆ ಗಳಿಗೆಯ ಅವಸರದವರಿಗೆ. ಮದುವೆ ಜಂಪರಿನ ಆರಿ ಕೆಲಸಕ್ಕೆ 15 ಗಂಟೆ ಬೇಕಾದರೆ ಅದು ಐದು ಮನೆ ತುಂಬುತ್ತದೆ, ಒಂದು ಅಂತ ಬರೆಯಬೇಡಿ. ಮನೆ ತುಂಬಿದ ಮೇಲೆ ಬಂದವರಿಗೆ ಮುಂದಿನ ವಾರದ ಪುಟವನ್ನೇ ತೆರೆದು ತೋರಿಸಿ. ಬಾಯಿಮಾತಲ್ಲಿ "ಆಗಲ್ಲ" ಅಂದರೆ ಮುಖ ಸಪ್ಪಗೆ ಮಾಡಿಕೊಳ್ಳುವವರು, ತುಂಬಿದ ಪುಟ ಕಂಡಾಗ "ಹಂಗಾರ ಮುಂದಿನ ವಾರ ಬರ್ಕೋರಿ ಅಕ್ಕಾರ" ಅನ್ನುತ್ತಾರೆ.

ಎಡವುವ ಜಾಗಗಳು ಇಲ್ಲೇ ಹೆಚ್ಚು. ಮೊದಲನೆಯದು, "ಅಕ್ಕಾರ, ಒಂದ ಜಂಪರ್ ಅಷ್ಟರೀ, ನಾಡದ ಕುಬಸದ ಕಾರ್ಯ ಐತ್ರಿ" ಅಂತ ಬರುವ ಮಾತು (ಕುಬಸ ಅಂದರೆ ಸೀಮಂತ). ಪರಿಚಯದವರು, ಹಾಗಾಗಿ ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಅವಸರದ ಎರಡು ಮನೆ ಇಟ್ಟಿರುವುದು ಇದಕ್ಕೇ. ಅವಸರದ ಕೆಲಸಕ್ಕೆ ಹೆಚ್ಚಿನ ದರವನ್ನು ಮೊದಲೇ ಗೋಡೆಗೆ ಅಂಟಿಸಿಬಿಡಿ. ಎದುರಿಗೆ ಕೂತವರಿಗೆ ಆ ಗಳಿಗೆಯಲ್ಲಿ ದರ ಏರಿಸಿ ಹೇಳುವುದು ಯಾರಿಗೂ ಹಿತವಲ್ಲ.

ಎರಡನೆಯದು, ಅಡ್ವಾನ್ಸ್ ಇಲ್ಲದೆ ಹೆಸರು ಬರೆಯುವುದು. ಅರ್ಧ ಹಣವಾದರೂ ಕೈಗೆ ಬರುವ ತನಕ ಮನೆ ಖಾಲಿ ಅಂತಲೇ ತಿಳಿಯಿರಿ. ಮೂರನೆಯದು, ಕೊಡುವ ತಾರೀಕು ಮತ್ತು ಕಾರ್ಯಕ್ರಮದ ತಾರೀಕು ಒಂದೇ ಆಗುವುದು. ಇವೆರಡರ ನಡುವೆ ಎರಡು ದಿನವಾದರೂ ಅಂತರ ಇರಲಿ. ಸೀಮಂತದ ದಿನ ಬೆಳಿಗ್ಗೆ ತೋಳು ಬಿಗಿಯಾಯಿತು ಅಂತ ಓಡಿಬಂದರೆ ನಿಮ್ಮ ಇಡೀ ದಿನ ಅಲ್ಲೇ ಹೋಯಿತು.

4. ಸ್ವಂತ ಕೆಲಸಕ್ಕೆ ಹೊತ್ತು ಆರಿಸಿ: ಆ ಕೆಲಸ ಏನು ಕೇಳುತ್ತದೋ ಹಾಗೆ

"ಬೆಳಿಗ್ಗೆ ಮಾಡಿ" ಅಂತ ಎಲ್ಲರಿಗೂ ಒಂದೇ ಮಾತು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೆಲಸಕ್ಕೆ ಏನು ಬೇಕು ಅಂತ ಮೊದಲು ನೋಡಬೇಕು.

ಕಸೂತಿಯನ್ನೇ ತೆಗೆದುಕೊಳ್ಳಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹಾಕುವ ಕೆಲಸ ಇದಲ್ಲ, ಇಳಕಲ್ ಸೀರೆಯ ಎಳೆ ಎಣಿಸಿ ಹಾಕುವುದು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಮುರ್ಗಿ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ, ಮೆಂತಿ ಅಡ್ಡಡ್ಡ ದಾಟುತ್ತದೆ, ನೇಗಿ ನೇಯ್ದ ಹಾಗೇ ಕಾಣುತ್ತದೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಟಾಕಿ (ಹೊಲಿಗೆ) ಹಾಕಿಕೊಂಡು ಹೋಗಿ, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಎರಡರಲ್ಲೂ ಸೀರೆಯ ಒಳಗೂ ಹೊರಗೂ ಒಂದೇ ರೂಪ ಕಾಣಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಟ್ಯೂಬ್‌ಲೈಟಿನಲ್ಲಿ ಎಳೆ ಎಣಿಸಿ ನೋಡಿ, ನಾಲ್ಕು ಯಾವುದು ಐದು ಯಾವುದು ಕಣ್ಣಿಗೆ ನಿಲುಕುವುದಿಲ್ಲ. ಒಂದು ಎಳೆ ತಪ್ಪಿದರೆ ಹಿಂದಿರುಗಿ ಬರುವ ದಾರ ದಾರಿ ತಪ್ಪುತ್ತದೆ, ಹಾಕುತ್ತಿರುವ ಗೋಪುರ ವಿನ್ಯಾಸದ ಒಂದು ಮಗ್ಗುಲು ವಾಲುತ್ತದೆ. ಆದ್ದರಿಂದ ಕಸೂತಿಗೆ ಬೆಳಗಿನ ಬೆಳಕಿನ ಹೊತ್ತೇ ಬೇಕು. ಗಿರಾಕಿಯ ಹೆಮ್ಮಿಂಗ್, ಹುಕ್ಕು ರಾತ್ರಿ ದೀಪದಲ್ಲೂ ನಡೆಯುತ್ತವೆ. ಸಾಧಾರಣವಾಗಿ ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಒಳ್ಳೆಯ ಬೆಳಕೆಲ್ಲ ಮಷೀನಿಗೆ ಹೋಗಿ, ದಣಿದ ಕಣ್ಣು ಕಸೂತಿಗೆ ಉಳಿಯುತ್ತದೆ.

ಸಂಗೀತ ಕಲಿಯುವವರಿಗೆ ಬೆಳಕು ಬೇಕಿಲ್ಲ, ನಿಶ್ಶಬ್ದ ಬೇಕು. ಮಿಕ್ಸರ್ ಶುರುವಾಗುವ ಮೊದಲಿನ ಅರ್ಧ ಗಂಟೆ ಅವರದು. ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯುವವರಿಗೆ ಬಣ್ಣ ಒಣಗಲು ದಿನಗಟ್ಟಲೆ ಬೇಕು, ಆದ್ದರಿಂದ ಎರಡು ಮೂರು ಕ್ಯಾನ್ವಾಸ್ ಒಟ್ಟಿಗೆ ಶುರುಮಾಡಿಟ್ಟುಕೊಂಡು ಸರದಿಯಲ್ಲಿ ಕೂರುವುದು ಅನುಕೂಲ. ಮಣ್ಣಿನ ಕೆಲಸದವರು ಅರ್ಧಕ್ಕೆ ಬಿಟ್ಟದ್ದನ್ನು ಒದ್ದೆ ಬಟ್ಟೆ, ಮೇಲೊಂದು ಪ್ಲಾಸ್ಟಿಕ್ ಸುತ್ತಿ ಇಡಬೇಕಲ್ಲ, ಆ ಐದು ನಿಮಿಷವನ್ನೂ ಹೊತ್ತಿನೊಳಗೇ ಸೇರಿಸಿಕೊಳ್ಳಿ. ನಾಟಕ, ದೊಡ್ಡಾಟ, ಭಜನೆ ಇವು ಹತ್ತು ಜನ ಕೂಡಿ ಮಾಡುವಂಥವು. ಅವುಗಳ ಸಂಜೆಯನ್ನು ನೇರವಾಗಿ ಆರ್ಡರ್ ಪುಸ್ತಕದಲ್ಲೇ ಒಂದು ಮನೆಯಾಗಿ ಬರೆಯಿರಿ. ಹಾಗೆ ಬರೆಯದ ಸಂಜೆಯನ್ನು ಯಾರಾದರೂ ಬಂದು ತುಂಬಿಬಿಡುತ್ತಾರೆ.

ಎಷ್ಟು ಹೊತ್ತು? ಶುರುವಿಗೆ 40 ನಿಮಿಷ, ವಾರಕ್ಕೆ ಐದು ದಿನ ಸಾಕು. ಭಾನುವಾರ ಇಡೀ ದಿನ ಕೂರುತ್ತೇನೆ ಅನ್ನುವವರನ್ನು ನಾನು ತಡೆಯುತ್ತೇನೆ. ಭಾನುವಾರವೇ ನೆಂಟರು ಬರುವುದು, ಅದೊಂದು ತಪ್ಪಿದರೆ ವಾರವೇ ತಪ್ಪಿದಂತೆ.

ಆ 40 ನಿಮಿಷಕ್ಕೆ ತಕ್ಕ ಅಳತೆಯ ಕೆಲಸ ಆರಿಸುವುದೂ ಮುಖ್ಯ. ಗವಂತಿಯಲ್ಲಿ ಹೋದ ದಾರ ಮರಳಿ ಬರುವ ಮೊದಲೇ ನಿಲ್ಲಿಸಿದರೆ ಮರುದಿನ ಎಲ್ಲಿಂದ ಎಲ್ಲಿಗೆ ಹೊರಟಿದ್ದೆ ಅಂತ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಆದ್ದರಿಂದ ಒಂದು ಕೂರುವಿಕೆಯಲ್ಲಿ ಹೋಗಿ ಬರಲು ಆಗುವಷ್ಟು ಭಾಗವನ್ನೇ ಹಿಡಿಯಿರಿ, ಗೋಪುರವನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದುಕೊಳ್ಳಿ. ಏಳುವ ಮುಂಚೆ ನಾಳೆಯ ದಾರ ಸೂಜಿಗೆ ಪೋಣಿಸಿಡಿ. ಮರುದಿನ ಡಬ್ಬಿ ತೆರೆದ ತಕ್ಷಣ ಕೈ ಕೆಲಸಕ್ಕೆ ಬೀಳುತ್ತದೆ.

ಇನ್ನೊಂದು ಮಾತು. ಈ ಡಬ್ಬಿಯ ಸೂಜಿ, ಕತ್ತರಿ, ದಾರ ಗಿರಾಕಿ ಕೆಲಸಕ್ಕೆ ಬರಕೂಡದು. "ಒಂದು ಉಂಡೆ ದಾರ ತಾನೆ" ಅಂತ ತೆಗೆದರೆ ನಾಳೆ ಕೂತಾಗ ಅದೇ ಬಣ್ಣ ಇರುವುದಿಲ್ಲ, ಕೂರುವುದೇ ತಪ್ಪುತ್ತದೆ.

5. ಮನೆಯವರಿಗೆ ಬಾಯಿಬಿಟ್ಟು ಹೇಳಿ

ಮನೆಯಿಂದ ದುಡಿಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ತೊಡಕು. "ಮನಿಯಾಗ ಇರ್ತಾಳಲ್ಲ" ಅನ್ನುವ ಒಂದೇ ಮಾತಿನಿಂದ ಗ್ಯಾಸ್ ಸಿಲಿಂಡರ್, ಕೊರಿಯರ್, ಪಕ್ಕದ ಮನೆಯ ಬೀಗದ ಕೈ ಎಲ್ಲವೂ ನಮ್ಮ ಪಾಲಿಗೆ ಬರುತ್ತವೆ. ಒಳಗೊಳಗೇ ಬೇಸರ ಮಾಡಿಕೊಂಡು ಕೂರುವುದರಿಂದ ಅದು ಸರಿಹೋಗುವುದಿಲ್ಲ. ಅತ್ತೆಯವರಿಗೆ, ಗಂಡನಿಗೆ, ಮಕ್ಕಳಿಗೆ ಕೂರಿಸಿ ಹೇಳಿ: ಈ ಹೊತ್ತಿನಿಂದ ಈ ಹೊತ್ತಿನವರೆಗೆ ನಾನು ಏಳುವುದಿಲ್ಲ, ಬಾಗಿಲು ತಟ್ಟಿದರೆ ನೀವು ನೋಡಿ. ಹೊತ್ತು ಪ್ರತಿದಿನ ಒಂದೇ ಆಗಿದ್ದರೆ ಮನೆ ಅದಕ್ಕೆ ಹೊಂದಿಕೊಳ್ಳುತ್ತದೆ. ದಿನಕ್ಕೊಂದು ಹೊತ್ತಾದರೆ ಯಾರಿಗೂ ನೆನಪಿರುವುದಿಲ್ಲ, ಮತ್ತು ಅದು ಅವರ ತಪ್ಪೂ ಅಲ್ಲ.

6. ಫೋನಿಗೆ ಬಾಗಿಲು ಹಾಕಿ

ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಗಡಿಯ ವೇಳೆ ತುಂಬಿಸುವ ಜಾಗವಿದೆ. ಆ ವೇಳೆಯ ಹೊರಗೆ ಬಂದ ಸಂದೇಶಕ್ಕೆ ತಾನಾಗಿ ಉತ್ತರ ಹೋಗುವಂತೆಯೂ ಮಾಡಬಹುದು. ಉತ್ತರ ಚಿಕ್ಕದಾಗಿರಲಿ: "ನಮಸ್ಕಾರ. ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ಉತ್ತರಿಸುತ್ತೇವೆ. ಅಳತೆ ಮತ್ತು ಟ್ರಯಲ್‌ಗೆ ಮಂಗಳವಾರ, ಶನಿವಾರ ಬನ್ನಿ." ದರ, ವಿಳಾಸ, ಅಳತೆ ಜಂಪರ್ ತರಬೇಕು ಅನ್ನುವ ಸೂಚನೆ, ಇಂಥ ಪದೇಪದೇ ಹೇಳುವ ಉತ್ತರಗಳನ್ನು ಮೊದಲೇ ಉಳಿಸಿಟ್ಟುಕೊಂಡರೆ ಒಂದೊಂದನ್ನೂ ಟೈಪ್ ಮಾಡುವುದು ತಪ್ಪುತ್ತದೆ.

ಗಮನವಿಡಿ: ನಿಮ್ಮ ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ ಆ ತಾನಾಗಿ ಹೋಗುವ ಉತ್ತರ ಹೋಗುತ್ತದೆ. ಡೇಟಾ ಆರಿಸಿಟ್ಟರೆ ಗಿರಾಕಿಗೆ ಏನೂ ತಲುಪುವುದಿಲ್ಲ. ಡೇಟಾ ಇರಲಿ, ಸದ್ದು ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ.

ಅಳತೆ, ಟ್ರಯಲ್‌ಗೆ ವಾರದಲ್ಲಿ ಎರಡೇ ದಿನ ಇಟ್ಟುಕೊಳ್ಳುವುದು ಮೊದಮೊದಲು ಕಷ್ಟ ಅನ್ನಿಸಬಹುದು. ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಬಂದು ಹೋಗುವುದು ತಪ್ಪಿದ ಮೇಲೆ ಉಳಿದ ದಿನಗಳು ಎಷ್ಟು ಸಲೀಸು ಅಂತ ನಿಮಗೇ ಗೊತ್ತಾಗುತ್ತದೆ.

7. ವರ್ಷವನ್ನು ಪಂಚಾಂಗದ ಕಣ್ಣಿನಿಂದ ನೋಡಿ

ನಮ್ಮ ಕಡೆ ಹೊಲಿಗೆ, ಕುಚ್ಚು, ಮೆಹೆಂದಿ, ಕೇಕು, ಫೋಟೋಗ್ರಫಿ ಇವೆಲ್ಲದರ ಏರಿಳಿತ ಮುಹೂರ್ತಗಳ ಜತೆಗೇ ನಡೆಯುತ್ತದೆ. ಯುಗಾದಿಯ ನಂತರದ ಮದುವೆಗಳು, ಶ್ರಾವಣದ ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ, ದೀಪಾವಳಿ ದಾಟಿದ ಮೇಲೆ ಮತ್ತೆ ಮದುವೆಗಳು. ನಡುವೆ ಎರಡು ಕಡೆ ನದಿ ಇಳಿದ ಹಾಗೆ ಕೆಲಸ ಇಳಿಯುತ್ತದೆ: ಆಷಾಢದಲ್ಲಿ ಒಮ್ಮೆ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಇನ್ನೊಮ್ಮೆ.

ಆಷಾಢ ಬಂತೆಂದರೆ ಕೈಯಲ್ಲಿ ಕಾಸಿಲ್ಲ ಅಂತ ಕಂಗಾಲಾಗಿ ಸಿಕ್ಕ ಸಿಕ್ಕ ಕಡಿಮೆ ದರದ ಕೆಲಸವನ್ನೆಲ್ಲ ಹಿಡಿಯುವವರಿದ್ದಾರೆ. ಹಾಗೆ ಮಾಡುವ ಬದಲು, ವೈಶಾಖ ಜ್ಯೇಷ್ಠದ ದುಡಿಮೆಯಲ್ಲಿ ಪ್ರತಿ ವಾರ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಆಷಾಢದ ಮನೆಖರ್ಚಿಗೆ ಕಾಯ್ದಿರಿಸಿ. ಸ್ವಂತ ಕೆಲಸದಲ್ಲಿ ದೊಡ್ಡದೇನಾದರೂ ಹಿಡಿಯುವುದಿದ್ದರೆ, ಅಂದರೆ ಪೂರ್ತಿ ಸೆರಗಿನ ಕಸೂತಿ, ಒಂದು ಚಿತ್ರಸರಣಿ, ಹೊಸ ರಾಗ, ಅದಕ್ಕೆ ಆಷಾಢ, ಧನುರ್ಮಾಸಕ್ಕಿಂತ ಒಳ್ಳೆಯ ಕಾಲವಿಲ್ಲ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಜನವರಿಯಲ್ಲಿ ಬರುವುದರಿಂದ, ಅದರಲ್ಲಿ ಮಳಿಗೆ ಹಾಕಬೇಕು ಅಂತಿರುವ ಚಿತ್ರಕಾರರು ಆಷಾಢದಲ್ಲೇ ಕುಂಚ ಹಿಡಿದರೆ ದೀಪಾವಳಿಯ ಗಲಾಟೆ ಅವರನ್ನು ತಟ್ಟುವುದಿಲ್ಲ.

ಅಧಿಕ ಮಾಸ ಬರುವ ವರ್ಷ ಜಾಗ್ರತೆ. 2023ರಲ್ಲಿ ಅಧಿಕ ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಬಿತ್ತು, 2025ರಲ್ಲಿ ಅದೇ ಹಬ್ಬ ಆಗಸ್ಟ್ 8ಕ್ಕೆ. ಹೋದ ವರ್ಷದ ತಾರೀಕು ನೋಡಿ ಈ ವರ್ಷದ ಪುಟಗಳಿಗೆ ಗೆರೆ ಹಾಕಿದರೆ ಎರಡು ಮೂರು ವಾರ ಹಿಂದು ಮುಂದಾಗಿಬಿಡುತ್ತದೆ. ಯುಗಾದಿಗೆ ಹೊಸ ಕ್ಯಾಲೆಂಡರ್ ಜತೆ ಕೂತು ಇಡೀ ವರ್ಷದ ಹಬ್ಬ, ಮುಹೂರ್ತ, ಮಕ್ಕಳ ಪರೀಕ್ಷೆ, ಊರ ಜಾತ್ರೆ ಎಲ್ಲವನ್ನೂ ಪುಸ್ತಕಕ್ಕೆ ಇಳಿಸಿಕೊಳ್ಳಿ.

8. ಲೆಕ್ಕಕ್ಕೆ ವಾರದಲ್ಲಿ ಒಂದು ಗಂಟೆ

ಬುಧವಾರವೋ ಗುರುವಾರವೋ, ಒಂದು ಗಂಟೆ ತೆಗೆದಿಡಿ. ಬಂದದ್ದು, ಹೋದದ್ದು, ಬಾಕಿ ಇರುವುದು, ತರಬೇಕಾದ ಸಾಮಾನು. ಸಾಮಾನನ್ನು ವಾರಕ್ಕೊಮ್ಮೆ ಪಟ್ಟಿ ಹಿಡಿದು ತಂದರೆ ಗುಂಡಿಗೊಂದು ಸಲ, ದಾರಕ್ಕೊಂದು ಸಲ ಮಾರ್ಕೆಟ್ಟಿಗೆ ಓಡುವುದು ತಪ್ಪುತ್ತದೆ.

ಕ್ಯೂಆರ್ ಕೋಡ್ ವ್ಯವಹಾರದ ಖಾತೆಯದ್ದೇ ಇರಲಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಿಮಗೆ ನೆನಪಿರಬಹುದು. ತಮ್ಮನು ಕೊಟ್ಟ ಕೈಗಡ, ಚೀಟಿ ಹಣ, ಹೊಲಿಗೆ ದುಡ್ಡು ಎಲ್ಲ ಒಂದೇ ಖಾತೆಗೆ ಬಂದರೆ ಯಾವುದು ಯಾವುದು ಅಂತ ವಿವರಿಸುವುದು ಕಷ್ಟ. ಬರೀ ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಗಿರಾಕಿ ತಂದ ಬಟ್ಟೆಯನ್ನು ಹೊಲಿದುಕೊಡುವುದು ಸೇವೆ. ಎರಡೂ ಇದ್ದವರು 20 ಲಕ್ಷದ ಮಿತಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಸಣ್ಣ ಉದ್ಯಮದ ಗುರುತಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿದು ಹೊರಬನ್ನಿ. ಕೇಕು, ಉಪ್ಪಿನಕಾಯಿ, ರೊಟ್ಟಿ ಮಾರುವವರು ಮನೆಯಿಂದಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ (ಆಹಾರ ಸುರಕ್ಷತೆಯದ್ದು) ಮಾಡಿಸಬೇಕು.

9. ಆಸೆಯ ಕೆಲಸವನ್ನೂ ಮಾರಬೇಕೆ?

ನೀವು ಹಾಕಿದ ಸೆರಗನ್ನು ಯಾರಾದರೂ ನೋಡಿ "ನನಗೂ ಒಂದು ಹಾಕಿಕೊಡಿ" ಅಂದೇ ಅನ್ನುತ್ತಾರೆ. ಮಾರುವುದರಲ್ಲಿ ತಪ್ಪೇನಿಲ್ಲ. ನನ್ನ ಸಲಹೆ ಇಷ್ಟು: ಮುಗಿದದ್ದನ್ನು ಮಾರಿ, ಆರ್ಡರ್ ತೆಗೆದುಕೊಳ್ಳಬೇಡಿ. ಮುಗಿದ ಸೆರಗು ಮಾರಿದರೆ ಬಣ್ಣ, ವಿನ್ಯಾಸ, ಹೊತ್ತು ಎಲ್ಲ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಆರ್ಡರ್ ಒಪ್ಪಿದ ದಿನವೇ ಬೆಳಗಿನ 40 ನಿಮಿಷವೂ ಗಿರಾಕಿ ಕೆಲಸವಾಗುತ್ತದೆ, ನಿಮ್ಮದು ಅಂತ ಉಳಿದದ್ದೂ ಹೋಗುತ್ತದೆ. ಆರ್ಡರ್ ತೆಗೆದುಕೊಳ್ಳಲೇಬೇಕಾದರೆ ಅದನ್ನು 3ನೇ ಹಂತದ ಮನೆಗಳಲ್ಲೇ ಬರೆಯಿರಿ, ಗಂಟೆ ಲೆಕ್ಕ ಹಾಕಿ ದರ ಹೇಳಿ. ಎಳೆ ಎಣಿಸುವ ಕೆಲಸಕ್ಕೆ ಮಷೀನ್ ಎಂಬ್ರಾಯ್ಡರಿಯ ದರ ಹೇಳುವುದು ಬೇಡವೇ ಬೇಡ.

10. ವಾರ ಕೆಟ್ಟರೆ

ಮನೆಯಲ್ಲಿ ಜ್ವರ, ಊರಲ್ಲಿ ಸಾವು, ಮೋಟರ್ ಸುಟ್ಟ ಮಷೀನ್. ಯಾವ ಪುಟವೂ ಇಂಥದ್ದನ್ನು ತಡೆಯುವುದಿಲ್ಲ. ಆಗ ಮಾಡಬೇಕಾದ್ದರ ಕ್ರಮ ಹೀಗೆ. ಮೊದಲು ಆ ವಾರದ ಗಿರಾಕಿಗಳಿಗೆ ನೀವೇ ಫೋನ್ ಮಾಡಿ ಹೊಸ ತಾರೀಕು ಹೇಳಿ. ಅವರು ಬಾಗಿಲಿಗೆ ಬಂದ ಮೇಲೆ ಹೇಳಿದರೆ ನಂಬಿಕೆ ಹೋಗುತ್ತದೆ. ಕಾರ್ಯಕ್ರಮ ಹತ್ತಿರ ಇರುವವರ ಕೆಲಸವನ್ನು ನಂಬಿಗಸ್ತ ಇನ್ನೊಬ್ಬ ಹೊಲಿಗೆಯವರಿಗೆ ದಾಟಿಸಿ. ಅಂಥ ಒಬ್ಬರ ಪರಿಚಯವನ್ನು ಈಗಲೇ ಮಾಡಿಟ್ಟುಕೊಳ್ಳಿ, ಅವರ ಅವಸರಕ್ಕೆ ನೀವೂ ಒದಗಿ. ಮುಂದಿನ ವಾರದ ಅವಸರದ ಎರಡು ಮನೆಗಳನ್ನು ಬಾಕಿ ಕೆಲಸಕ್ಕೆ ತೆಗೆದುಕೊಳ್ಳಿ, ಹೊಸದು ಒಪ್ಪಬೇಡಿ.

ತಪ್ಪಿದ ಕಸೂತಿಯ ಹೊತ್ತನ್ನು ಕೂಡಿಸಿ ಒಂದೇ ದಿನ ಮೂರು ಗಂಟೆ ಕೂರಲು ಹೋಗಬೇಡಿ, ಕುತ್ತಿಗೆ ಹಿಡಿಯುತ್ತದೆ, ಮರುದಿನ ಮತ್ತೆ ತಪ್ಪುತ್ತದೆ. ಹತ್ತು ನಿಮಿಷದಿಂದ ಶುರುಮಾಡಿ. ಅಷ್ಟರಲ್ಲಿ ಹೋಗಿ ಬರುವ ಒಂದು ಸಣ್ಣ ಗವಂತಿ ಗೆರೆಯಾದರೂ ಮುಗಿಯುತ್ತದೆ. ನಾಲ್ಕೈದು ದಿನದಲ್ಲಿ ಹತ್ತು ಇಪ್ಪತ್ತಾಗಿ, ಇಪ್ಪತ್ತು ನಲವತ್ತಾಗಿ ಹಳೆಯ ಅಳತೆಗೆ ಬಂದ ಮೇಲೆ ದೊಡ್ಡ ವಿನ್ಯಾಸಕ್ಕೆ ಕೈಹಾಕಿ.